ಕಾರಿನ ಜಿಪಿಎಸ್ ಉಪಕರಣವನ್ನು ಹೊಲದಲ್ಲಿ ಬಳಸುವ ಬಗೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿರುವ ಹೆಗ್ಗನಹಳ್ಳಿ ಒಂದು ಕಾಲಕ್ಕೆ ಹೊಲಗಳ ನಡುವಿನ ಹಳ್ಳಿ. ಈಗ ಅಲ್ಲಿ ಒಂದು ಮನೆಯ ಗೋಡೆಗೆ ಇನ್ನೊಂದು ಮನೆಯ ಗೋಡೆ ತಾಗಿಕೊಂಡಿದೆ. ಹಾಗೆಂದು ಆ ಮನೆಗಳಲ್ಲಿರುವವರೆಲ್ಲ ಬೇಸಾಯ ಬಿಟ್ಟವರೆಂದು ತಿಳಿಯಬಾರದು. ಮಾಗಡಿ, ಕುಣಿಗಲ್, ನೆಲಮಂಗಲ, ತುಮಕೂರು ಕಡೆಗಳಿಂದ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ಎಷ್ಟೋ ಕುಟುಂಬಗಳಿಗೆ ಊರಿನಲ್ಲಿ ಇಂದಿಗೂ ಒಂದೆರಡು ಎಕರೆ ಖುಷ್ಕಿ ಜಮೀನು ಉಂಟು. ರಜೆಯ ದಿನ ಊರಿಗೆ ಹೋಗಿ ಉಳುಮೆ, ಬಿತ್ತನೆ ನೋಡಿಕೊಂಡು ಬರುತ್ತಾರೆ. ಇಂತಹ ಮನೆಗಳಲ್ಲಿ, ಸ್ಮಾರ್ಟ್‌ಫೋನು ಬರುವುದಕ್ಕೆ ಮುಂಚೆ ಕಾರಿನ ಗಾಜಿಗೆ ಅಂಟಿಸಿಕೊಳ್ಳುತ್ತಿದ್ದ, ದಾರಿ ತೋರಿಸುವ ಜಿಪಿಎಸ್ ಉಪಕರಣ ಬೀರುವಿನ ಮೂಲೆಯಲ್ಲಿ ಬಿದ್ದಿರುವುದುಂಟು. ಅದನ್ನು ಕಾರಿನಿಂದ ಬಿಚ್ಚಿ ಹೊಲಕ್ಕೆ ಒಯ್ದರೆ ಏನಾದರೂ ಪ್ರಯೋಜನವಿದೆಯೇ, ಅದರಿಂದ ಜಮೀನು ಅಳೆಯಬಹುದೇ ಎಂದು ರೈತರು ಕೇಳುತ್ತಾರೆ.

ಪ್ರಯೋಜನ ಖಂಡಿತ ಇದೆ. ಗೊಬ್ಬರದ ಲೆಕ್ಕಕ್ಕೆ, ಮಣ್ಣಿನ ಮಾದರಿ ತೆಗೆದ ಜಾಗದ ಗುರುತಿಗೆ, ತೋಟದ ಮನೆಗೆ ವಾಹನ ಕರೆಸುವುದಕ್ಕೆ ಅದು ಸಾಕು. ಗಡಿಯ ಬಾಂದುಕಲ್ಲು ನೆಡುವುದಕ್ಕೆ ಅದು ಸಾಲದು. ಏಕೆ ಸಾಲದು ಎಂಬುದನ್ನು ತಿಳಿಯದೆ ಬದು ಕಡಿದವರು ನೆರೆಹೊರೆಯವರೊಡನೆ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾಗುತ್ತದೆ. ಆದುದರಿಂದ ಮೊದಲು ಈ ಉಪಕರಣ ತಾನಿರುವ ಜಾಗವನ್ನು ಹೇಗೆ ಕಂಡುಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ.

ಜಾಗ ತಿಳಿಯುವ ಬಗೆ

ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದು ಉಪಗ್ರಹವೂ ತನ್ನ ಗಡಿಯಾರದ ವೇಳೆಯನ್ನೂ ತಾನಿರುವ ಸ್ಥಾನವನ್ನೂ ರೇಡಿಯೋ ಅಲೆಗಳ ಮೂಲಕ ಸಾರುತ್ತಿರುತ್ತದೆ. ಆ ಅಲೆ ನಮ್ಮನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಉಪಕರಣವು ದೂರವನ್ನು ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ತಿಳಿದರೆ ನಾವು ನಿಂತ ಜಾಗ ಗೊತ್ತಾಗುತ್ತದೆ. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ವೇಳೆ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕದಲ್ಲಿ ಅಷ್ಟಿಷ್ಟು ವ್ಯತ್ಯಾಸ ಉಳಿದೇ ಉಳಿಯುತ್ತದೆ. ತೆರೆದ ಬಯಲಿನಲ್ಲಿ, ಸಾಧಾರಣ ಉಪಕರಣದಲ್ಲಿ, ಈ ವ್ಯತ್ಯಾಸ 3ರಿಂದ 5 ಮೀಟರ್ ಎಂದು ಇಟ್ಟುಕೊಳ್ಳಬಹುದು. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ನಾಗರಿಕರ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು. ಆಗ ವ್ಯತ್ಯಾಸ ನೂರು ಮೀಟರಿನವರೆಗೂ ಇರುತ್ತಿತ್ತು. ಆ ತಡೆಯನ್ನು ತೆಗೆದ ನಂತರವೇ ಕಾರಿನ ಉಪಕರಣಗಳು ಮನೆಮನೆಗೆ ಬಂದದ್ದು.

ನಮ್ಮ ದೇಶದ್ದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನೌಕಾನಯನ ಕೇಂದ್ರವು ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ಜಾಡು ಹಿಡಿಯುವ ಇಸ್ರೋ ಸಂಸ್ಥೆಯ ಇಸ್ಟ್ರಾಕ್ ಕೇಂದ್ರವಂತೂ ಹೆಗ್ಗನಹಳ್ಳಿಯ ಪಕ್ಕದ ಪೀಣ್ಯದಲ್ಲಿಯೇ ಇದೆ. ಆದರೆ ಹಳೆಯ ಕಾರಿನ ಉಪಕರಣಗಳು ಸಾಮಾನ್ಯವಾಗಿ ಜಿಪಿಎಸ್ ಒಂದನ್ನೇ ಕೇಳಬಲ್ಲವು. ನಾವಿಕ್ ಸಂಕೇತ ಅವಕ್ಕೆ ತಿಳಿಯದು.

ಈಗಿನ ಮೊಬೈಲಿನಲ್ಲಿಯೇ ಇದೆಲ್ಲ ಇದೆಯಲ್ಲ ಎಂದು ಕೇಳಬಹುದು. ನಿಜ; ಒಳ್ಳೆಯ ಮೊಬೈಲ್ ಇದ್ದವರು ಅದನ್ನೇ ಬಳಸಲಿ. ಮುಂದೆ ಹೇಳುವ ಲೆಕ್ಕವೂ ಎಚ್ಚರಿಕೆಯೂ ಮೊಬೈಲಿಗೆ ಹಾಗೆಯೇ ಅನ್ವಯಿಸುತ್ತವೆ. ಕಾರಿನ ಉಪಕರಣಕ್ಕೆ ಇರುವ ಒಂದು ಅನುಕೂಲವೆಂದರೆ ಅದಕ್ಕೆ ಸಿಮ್ ಬೇಡ, ಟವರ್ ಬೇಡ. ನಕ್ಷೆ ಅದರ ಹೊಟ್ಟೆಯಲ್ಲಿಯೇ ಇರುತ್ತದೆ.

ಕಾರಿನ ಹೊರಗೆ ಬಂದಾಗ

ಈ ಉಪಕರಣವನ್ನು ತಯಾರಿಸಿದವರು ಅದು ಸದಾ ರಸ್ತೆಯ ಮೇಲೆ, ವೇಗವಾಗಿ, ಕಾರಿನ ಕರೆಂಟಿನಲ್ಲಿ ಓಡುತ್ತಿರುತ್ತದೆ ಎಂದು ಭಾವಿಸಿದ್ದಾರೆ. ನಡೆಯುವವನ ಕೈಗೆ ಬಂದಾಗ ಈ ಮೂರೂ ಸುಳ್ಳಾಗುತ್ತವೆ.

ಮೊದಲನೆಯದಾಗಿ, ನೀವು ರಸ್ತೆಯಿಂದ ಸ್ವಲ್ಪ ದೂರದಲ್ಲಿದ್ದರೆ ಉಪಕರಣವು ನಿಮ್ಮನ್ನು ರಸ್ತೆಯ ಮೇಲೆಯೇ ಎಳೆದು ತೋರಿಸುತ್ತದೆ. ರಸ್ತೆ ಪಕ್ಕದ ಹೊಲದಲ್ಲಿ ಬದುವಿನ ಮೇಲೆ ನಿಂತಿದ್ದರೂ ಪರದೆಯ ಮೇಲೆ ಬಾಣದ ಗುರುತು ಡಾಂಬರಿನ ಮೇಲೆಯೇ ಇರುತ್ತದೆ. ಆದಕಾರಣ ಹೊಲದಲ್ಲಿ ನಕ್ಷೆಯ ಚಿತ್ರವನ್ನು ನಂಬದೆ, ಅಕ್ಷಾಂಶ ಮತ್ತು ರೇಖಾಂಶದ ಅಂಕಿಗಳನ್ನು ಓದಿ ಬರೆದುಕೊಳ್ಳಬೇಕು. ಗಾರ್ಮಿನ್ ನೂವಿ ಮಾದರಿಗಳಲ್ಲಿ ಪರದೆಯ ಮೇಲಿನ ಕಾರಿನ ಚಿತ್ರವನ್ನು ಮುಟ್ಟಿದರೆ ಈ ಅಂಕಿಗಳು ಕಾಣುತ್ತವೆ. ಬೇರೆ ತಯಾರಿಕೆಗಳಲ್ಲಿ ಉಪಗ್ರಹಗಳ ಸ್ಥಿತಿ ತೋರಿಸುವ ಪುಟದಲ್ಲಿ ಹುಡುಕಬೇಕು. ಸವಾರಿಯ ಬಗೆಯನ್ನು ಆರಿಸುವ ಕಡೆ ಕಾರಿನ ಬದಲು ನಡಿಗೆಯನ್ನು ಆರಿಸತಕ್ಕದ್ದು. ರಸ್ತೆ ಬಿಟ್ಟು ನೇರವಾಗಿ ಹೋಗುವ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ದಿಕ್ಕಿನ ವಿಷಯ. ಈ ಉಪಕರಣಗಳಲ್ಲಿ ಸಾಮಾನ್ಯವಾಗಿ ದಿಕ್ಸೂಚಿ ಇರುವುದಿಲ್ಲ. ಹಿಂದಿನ ಕ್ಷಣದ ಜಾಗ ಮತ್ತು ಈ ಕ್ಷಣದ ಜಾಗ ಹೋಲಿಸಿ ದಿಕ್ಕು ಹೇಳುತ್ತವೆ. ನಿಂತಲ್ಲಿಯೇ ನಿಂತರೆ ಬಾಣವು ದಾರಿ ತಪ್ಪಿದ ಕರುವಿನಂತೆ ಆ ಕಡೆ ಈ ಕಡೆ ತಿರುಗುತ್ತಿರುತ್ತದೆ. ಉಪಕರಣ ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. ಇಪ್ಪತ್ತು ಹೆಜ್ಜೆ ನೇರವಾಗಿ ನಡೆದರೆ ಬಾಣ ಸರಿಹೋಗುತ್ತದೆ. ನಡೆಯುವಾಗ ಮಾತ್ರ ಕಣ್ಣು ಪರದೆಯ ಮೇಲೆ ಇರಬಾರದು. ತೆರೆದ ಬಾವಿಗಳೂ ಮುಚ್ಚದೆ ಬಿಟ್ಟ ಕೊಳವೆ ಬಾವಿಗಳೂ ನಕ್ಷೆಯಲ್ಲಿ ಇರುವುದಿಲ್ಲ.

ಮೂರನೆಯದು ಬ್ಯಾಟರಿ. ಹಳೆಯ ಉಪಕರಣ ಕಾರಿನ ಹೊರಗೆ ಒಂದೆರಡು ಗಂಟೆ ನಡೆದರೆ ಹೆಚ್ಚು. ಮೊಬೈಲಿಗೆ ಬಳಸುವ ಪವರ್ ಬ್ಯಾಂಕ್ ಜೋಡಿಸಬಹುದು. ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿಯಿಂದ ನೇರವಾಗಿ ಜೋಡಿಸಲೇಬಾರದು. ಬ್ಯಾಟರಿ 12 ವೋಲ್ಟಿನದು, ಉಪಕರಣ 5 ವೋಲ್ಟಿನದು. ಕೆಲವು ಉಪಕರಣಗಳಿಗೆ ಪವರ್ ಬ್ಯಾಂಕಿನ ತಂತಿ ಹಾಕಿದೊಡನೆ ತಮ್ಮನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆಂದು ತಿಳಿದು ನಕ್ಷೆ ತೋರಿಸುವುದನ್ನೇ ನಿಲ್ಲಿಸುತ್ತವೆ. ಆಗ ಚಾರ್ಜ್ ಮಾತ್ರ ಮಾಡುವ ತಂತಿಯನ್ನು ತರಬೇಕು. ಮಳೆ, ಇಬ್ಬನಿಗಳಿಂದ ಕಾಪಾಡಲು ತೆಳುವಾದ ಪಾಲಿಥೀನ್ ಚೀಲ ಸಾಕು. ಬಿಸಿಲಿನಲ್ಲಿ ಪರದೆ ಕಾಣದಿದ್ದರೆ ತಲೆಯ ಮೇಲೆ ಟವೆಲ್ ಇಳಿಬಿಟ್ಟುಕೊಂಡು ನೋಡಬಹುದು, ಆದರೆ ಉಪಕರಣದ ಮೇಲೆ ಆಕಾಶ ತೆರೆದಿರಬೇಕು.

ವರ್ಷಗಟ್ಟಲೆ ಬೀರುವಿನಲ್ಲಿದ್ದ ಉಪಕರಣವನ್ನು ಹೊರ ತೆಗೆದೊಡನೆ ಅದು ಉಪಗ್ರಹ ಸಿಗಲಿಲ್ಲ ಎನ್ನುತ್ತದೆ. ಎಲ್ಲ ಉಪಗ್ರಹಗಳ ಪಂಚಾಂಗವನ್ನು ಆಕಾಶದಿಂದ ಹೊಸದಾಗಿ ಪಡೆಯಲು ಅದಕ್ಕೆ ಹನ್ನೆರಡೂವರೆ ನಿಮಿಷ ಬೇಕು. ತೆರೆದ ಜಾಗದಲ್ಲಿ ಅಲುಗಾಡಿಸದೆ ಕಾಲು ಗಂಟೆ ಇಟ್ಟುಬಿಡಿ. ತಾರೀಖು ಸುಮಾರು ಇಪ್ಪತ್ತು ವರ್ಷ ಹಿಂದಿನದನ್ನು ತೋರಿಸಿದರೂ ಗಾಬರಿ ಬೇಡ. ಜಿಪಿಎಸ್ ಗಡಿಯಾರವು 1024 ವಾರಗಳನ್ನು ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಹೀಗೆ ಆದದ್ದು 2019ರ ಏಪ್ರಿಲ್ 6ರ ರಾತ್ರಿ. ಹಳೆಯ ಉಪಕರಣಗಳಲ್ಲಿ ತಾರೀಖು ಕೆಟ್ಟರೂ ಜಾಗದ ಲೆಕ್ಕ ಸರಿಯಾಗಿರುವುದುಂಟು. ಗೊತ್ತಿರುವ ಒಂದು ಸ್ಥಳದಲ್ಲಿ ಪರೀಕ್ಷಿಸಿ ನೋಡಿಕೊಂಡರೆ ಆಯಿತು.

ಬೀದಿ ಬೇರೆ, ಬಯಲು ಬೇರೆ

ಪರೀಕ್ಷೆಯನ್ನು ಹೆಗ್ಗನಹಳ್ಳಿಯಂತಹ ಕಡೆ ಮನೆಯ ಮುಂದೆ ಮಾಡಿದರೆ ನಿರಾಶೆ ಖಂಡಿತ. ಮೂರು-ನಾಲ್ಕು ಅಂತಸ್ತಿನ ಮನೆಗಳ ನಡುವಿನ ಕಿರಿದಾದ ಬೀದಿಯಲ್ಲಿ ಆಕಾಶ ಕಾಣುವುದು ಒಂದು ಪಟ್ಟಿಯಷ್ಟು. ಉಪಗ್ರಹದ ಅಲೆ ನೇರವಾಗಿ ಬರದೆ ಎದುರಿನ ಗೋಡೆಗೆ ಬಡಿದು ಬರುತ್ತದೆ. ಸುತ್ತಿ ಬಂದ ಅಲೆಗೆ ಹೆಚ್ಚು ಹೊತ್ತು ಹಿಡಿಯುವುದರಿಂದ ಉಪಕರಣವು ದೂರವನ್ನು ಹೆಚ್ಚಾಗಿ ಎಣಿಸಿ, ನಿಮ್ಮನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿಬಿಡುತ್ತದೆ. ಕಾರ್ಖಾನೆಯ ತಗಡಿನ ಛಾವಣಿಯ ಕೆಳಗೆ ಏನೂ ಸಿಗುವುದಿಲ್ಲ. ಪರೀಕ್ಷೆಗೆ ಮನೆಯ ತಾರಸಿಯನ್ನೋ ಆಟದ ಬಯಲನ್ನೋ ಆರಿಸಿಕೊಳ್ಳಿ. ಹೆಗ್ಗನಹಳ್ಳಿಯಲ್ಲಿ ನಿಂತವರಿಗೆ ಅಕ್ಷಾಂಶ ಸುಮಾರು 13 ಡಿಗ್ರಿ, ರೇಖಾಂಶ ಸುಮಾರು 77 ಡಿಗ್ರಿ 31 ನಿಮಿಷ ಎಂದು ಕಂಡರೆ ಉಪಕರಣ ಬದುಕಿದೆ ಎಂದು ತಿಳಿಯಬಹುದು.

ಊರಿನ ಹೊಲದಲ್ಲಿ ಗೋಡೆಗಳ ತೊಂದರೆ ಇಲ್ಲ. ಆದರೆ ದಟ್ಟವಾದ ಅಡಿಕೆ ತೋಟ, ಹಲಸು-ಮಾವಿನ ಮರಗಳ ಅಡಿಯಲ್ಲಿ, ಅದರಲ್ಲಿಯೂ ಮಳೆಯಲ್ಲಿ ಎಲೆ ನೆನೆದಿರುವಾಗ, ಸಂಕೇತ ಕ್ಷೀಣವಾಗುತ್ತದೆ. ವೇಳೆಯೂ ಮುಖ್ಯ. ವಾತಾವರಣದ ಮೇಲಿನ ವಿದ್ಯುತ್ ಪದರವು ಉಪಗ್ರಹದ ಅಲೆಯನ್ನು ತಡಮಾಡುತ್ತದೆ. ಈ ತಡ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಅತಿ ಹೆಚ್ಚು. ದಕ್ಷಿಣ ಭಾರತವು ಭೂಮಿಯ ಕಾಂತೀಯ ಮಧ್ಯರೇಖೆಗೆ ಹತ್ತಿರವಿರುವುದರಿಂದ ನಮ್ಮಲ್ಲಿ ಇದರ ಪ್ರಭಾವ ಅಧಿಕ. ಹೊಲದ ಕೆಲಸಕ್ಕೆ ಬೆಳಗಿನ ಹೊತ್ತೇ ಲೇಸು.

ಒಂದೇ ಕಡೆ ಎರಡು ನಿಮಿಷ ನಿಂತು ಹತ್ತು ಸಲ ಓದಿದರೆ ಒಂದೇ ವ್ಯತ್ಯಾಸವನ್ನು ಹತ್ತು ಸಲ ಬರೆದಂತೆ. ವ್ಯತ್ಯಾಸ ನಿಧಾನವಾಗಿ ಬದಲಾಗುವ ಸ್ವಭಾವದ್ದು. ಬೇರೆ ಬೇರೆ ದಿನ ಮೂರು ಸಲ ಓದಿ ಸರಾಸರಿ ತೆಗೆದರೆ ಹೆಚ್ಚು ಒಳ್ಳೆಯ ಅಂಕಿ ದೊರೆಯುತ್ತದೆ.

ಎಕರೆ, ಗುಂಟೆಯ ಲೆಕ್ಕ

ಅಂಕಿಗಳನ್ನು ತೋರಿಸಲು ಮೂರು ಬಗೆಗಳಿವೆ: ಡಿಗ್ರಿಯ ದಶಾಂಶ, ಡಿಗ್ರಿ ಮತ್ತು ನಿಮಿಷದ ದಶಾಂಶ, ಡಿಗ್ರಿ, ನಿಮಿಷ, ಸೆಕೆಂಡು. ಒಂದನ್ನು ಇನ್ನೊಂದೆಂದು ಓದಿಕೊಂಡು ಕೆಟ್ಟವರೇ ಹೆಚ್ಚು. 13 ಡಿಗ್ರಿ 30 ನಿಮಿಷವನ್ನು 13.30 ಎಂದು ಬರೆದರೆ 22 ಕಿಲೋಮೀಟರ್ ದಕ್ಷಿಣಕ್ಕೆ ಹೋದಂತೆ, ಅದು 13.50 ಆಗಬೇಕು. ಸೆಕೆಂಡನ್ನು ದಶಾಂಶವಿಲ್ಲದೆ ತೋರಿಸಿದರೆ ಒಂದು ಸೆಕೆಂಡಿಗೆ 30 ಮೀಟರ್ ಆಗುವುದರಿಂದ ಹೊಲದ ಲೆಕ್ಕಕ್ಕೆ ನಿಷ್ಪ್ರಯೋಜಕ. ಆದುದರಿಂದ ಸೆಟ್ಟಿಂಗಿನಲ್ಲಿ ಡಿಗ್ರಿಯ ದಶಾಂಶವನ್ನೇ, ಅದೂ ಐದು ಸ್ಥಾನಗಳವರೆಗೆ ಕಾಣುವಂತೆ, ಆರಿಸಿಕೊಳ್ಳಿ.

ಹೆಗ್ಗನಹಳ್ಳಿ, ಮಾಗಡಿ, ಕುಣಿಗಲ್ ಸೀಮೆಯಲ್ಲಿ ದಶಾಂಶದ ಐದನೆಯ ಸ್ಥಾನದ ಒಂದು ಅಂಕಿ ಉತ್ತರ-ದಕ್ಷಿಣವಾಗಿ 1.106 ಮೀಟರ್, ಪೂರ್ವ-ಪಶ್ಚಿಮವಾಗಿ 1.085 ಮೀಟರ್ ಆಗುತ್ತದೆ. ಎರಡನ್ನೂ ಗುಣಿಸಿದರೆ 1.2 ಚದರ ಮೀಟರ್. ನೆನಪಿಡಲು ಸುಲಭವಾದ ಈ ಅಂಕಿಯೇ ನಮ್ಮ ಲೆಕ್ಕದ ಕೀಲಿಕೈ. ಕಲಬುರಗಿ, ಬೀದರ ಕಡೆಯವರು 1.17 ಎಂದು ಹಿಡಿಯಬೇಕು.

ನಾಲ್ಕು ಮೂಲೆಯ ಒಂದು ಹೊಲವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನೈಋತ್ಯ ಮೂಲೆಯನ್ನು ಅ ಎಂದು ಕರೆದು ಅದನ್ನು ಸೊನ್ನೆ ಎಂದು ಇಟ್ಟುಕೊಳ್ಳಿ. ಉಳಿದ ಮೂಲೆಗಳಿಗೆ ಅ ಮೂಲೆಯಿಂದ ಎಷ್ಟು ಅಂಕಿ ಪೂರ್ವಕ್ಕೆ, ಎಷ್ಟು ಅಂಕಿ ಉತ್ತರಕ್ಕೆ ಎಂದು ಕಳೆದು ಬರೆಯಿರಿ. ಆ ಮೂಲೆ ಪೂರ್ವಕ್ಕೆ 60, ಉತ್ತರಕ್ಕೆ 2. ಇ ಮೂಲೆ ಪೂರ್ವಕ್ಕೆ 58, ಉತ್ತರಕ್ಕೆ 57. ಈ ಮೂಲೆ ಪಶ್ಚಿಮಕ್ಕೆ 3, ಅಂದರೆ ಪೂರ್ವಕ್ಕೆ ಋಣ 3, ಉತ್ತರಕ್ಕೆ 55.

ಅ-ಇ ಕರ್ಣದಿಂದ ಹೊಲವನ್ನು ಎರಡು ತ್ರಿಕೋನ ಮಾಡಿ. ಮೊದಲ ತ್ರಿಕೋನಕ್ಕೆ ಆ ಮೂಲೆಯ ಪೂರ್ವವನ್ನು ಇ ಮೂಲೆಯ ಉತ್ತರದಿಂದ ಗುಣಿಸಿ, ಅದರಿಂದ ಇ ಮೂಲೆಯ ಪೂರ್ವ ಮತ್ತು ಆ ಮೂಲೆಯ ಉತ್ತರದ ಗುಣಲಬ್ಧವನ್ನು ಕಳೆಯಬೇಕು: 60 × 57 = 3420; 58 × 2 = 116; ಕಳೆದರೆ 3304. ಎರಡನೆಯದಕ್ಕೂ ಹೀಗೆಯೇ: 58 × 55 = 3190; ಋಣ 3 × 57 = ಋಣ 171; ಋಣವನ್ನು ಕಳೆದರೆ ಕೂಡಿದಂತೆ, 3361. ಎರಡನ್ನೂ ಸೇರಿಸಿದರೆ 6665. ಅದರ ಅರ್ಧ 3332.5. ಇದನ್ನು 1.2ರಿಂದ ಗುಣಿಸಿದರೆ 3999 ಚದರ ಮೀಟರ್. ಒಂದು ಗುಂಟೆಗೆ 101.17 ಚದರ ಮೀಟರ್ ಆದುದರಿಂದ ಹೊಲವು 39 ಗುಂಟೆ ಮತ್ತು ಅರ್ಧ. ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಲೆಕ್ಕವನ್ನು ಅವರಿಗೇ ಕೊಡಿ, ಸಂತೋಷದಿಂದ ಮಾಡುತ್ತಾರೆ.

ಜಾಗದಲ್ಲಿ 3-5 ಮೀಟರ್ ವ್ಯತ್ಯಾಸವಿರುವಾಗ ವಿಸ್ತೀರ್ಣ ಹೇಗೆ ಸರಿಬಂದೀತು ಎಂಬ ಅನುಮಾನ ಬರುವುದು ಸಹಜ. ಅರ್ಧ ಗಂಟೆಯೊಳಗೆ ಎಲ್ಲ ಮೂಲೆಗಳನ್ನೂ ಓದಿ ಮುಗಿಸಿದರೆ ಎಲ್ಲವೂ ಬಹುಮಟ್ಟಿಗೆ ಒಂದೇ ಕಡೆಗೆ ಸರಿದಿರುತ್ತವೆ. ಇಡೀ ಹೊಲವೇ ನಾಲ್ಕು ಮೀಟರ್ ಪಕ್ಕಕ್ಕೆ ಸರಿದರೂ ಅದರ ವಿಸ್ತೀರ್ಣ ಬದಲಾಗುವುದಿಲ್ಲ. ಆದಾಗ್ಯೂ ಒಂದೆರಡು ಮೀಟರ್ ಹೆಚ್ಚುಕಡಿಮೆ ಉಳಿಯುತ್ತದೆ. ಚೌಕವಾದ ಒಂದು ಎಕರೆಯ ಪಕ್ಕ 63.6 ಮೀಟರ್. ಒಂದು ಪಕ್ಕ 2 ಮೀಟರ್ ಹೊರಗೆ ಹೋದರೆ ಒಂದೂಕಾಲು ಗುಂಟೆ, ಅಂದರೆ ನೂರಕ್ಕೆ 3 ಪಾಲು ವ್ಯತ್ಯಾಸ. ಹತ್ತು ಗುಂಟೆಯ ತುಂಡಿನಲ್ಲಿ ಇದೇ 2 ಮೀಟರ್ ನೂರಕ್ಕೆ 6 ಪಾಲಿಗಿಂತ ಹೆಚ್ಚಾಗುತ್ತದೆ. ಹಿಡುವಳಿ ಸಣ್ಣದಾದಷ್ಟೂ ಈ ಅಳತೆಯ ಮೇಲಿನ ನಂಬಿಕೆಯೂ ಸಣ್ಣದಾಗಿರಬೇಕು.

ಬೇಸಾಯದ ಲೆಕ್ಕಕ್ಕೆ ಈ ವ್ಯತ್ಯಾಸ ದೊಡ್ಡದಲ್ಲ. ಖುಷ್ಕಿ ರಾಗಿಗೆ ಎಕರೆಗೆ 20 ಕಿಲೋಗ್ರಾಂ ಸಾರಜನಕ ಕೊಡಬೇಕೆಂದು ಶಿಫಾರಸು ಇದೆ. ನೂರಕ್ಕೆ 3ರ ವ್ಯತ್ಯಾಸದಿಂದ ಹೆಚ್ಚು ಬೀಳುವ ಯೂರಿಯಾ ಒಂದೂವರೆ ಕಿಲೋಗ್ರಾಮಿಗಿಂತ ಕಡಿಮೆ. ಬದು, ಬಂಡೆ, ಹಳ್ಳ ಬಿಟ್ಟು ನಿಜವಾಗಿ ಬಿತ್ತುವ ನೆಲ ಎಷ್ಟು ಎಂಬುದು ಪಹಣಿಯಿಂದ ತಿಳಿಯುವುದಿಲ್ಲ. ಈ ಅಳತೆಯಿಂದ ತಿಳಿಯುತ್ತದೆ. ಎಕರೆ ಲೆಕ್ಕದಲ್ಲಿ ಉಳುಮೆಗೂ ಕಟಾವು ಯಂತ್ರಕ್ಕೂ ಬಾಡಿಗೆ ಕೊಡುವಾಗಲೂ ಇದು ಉಪಯುಕ್ತ.

ಗುರುತಿನ ಪುಸ್ತಕ

ಮಣ್ಣು ಪರೀಕ್ಷೆಗೆ ಮಾದರಿ ತೆಗೆದ ಜಾಗಗಳ ಅಂಕಿಗಳನ್ನು ಬರೆದಿಟ್ಟರೆ ಮೂರು ವರ್ಷದ ನಂತರ ಅಲ್ಲಿಯೇ ಮಾದರಿ ತೆಗೆದು ಮಣ್ಣು ಸುಧಾರಿಸಿತೋ ಕೆಟ್ಟಿತೋ ಹೋಲಿಸಿ ನೋಡಬಹುದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯಬೇಕೆಂದಿತ್ತು. ಅಂದರೆ ಆ ಮಾದರಿ ನಿಮ್ಮ ಹೊಲದ್ದೇ ಆಗಿರಬೇಕೆಂದಿಲ್ಲ. ಸ್ವಂತ ಮಾದರಿ, ಸ್ವಂತ ಗುರುತು ಇರುವುದು ಮೇಲು.

ನೆಲದೊಳಗಿನ ಪೈಪಿನ ವಾಲ್ವು, ಕೈಕೊಟ್ಟ ಕೊಳವೆ ಬಾವಿ ಇವುಗಳ ಗುರುತನ್ನೂ ಬರೆದಿಡಿ. ಆದರೆ ಮೂರು ಮೀಟರ್ ವ್ಯತ್ಯಾಸದಲ್ಲಿ ವಾಲ್ವು ಹುಡುಕಲು ಅರ್ಧ ದಿನ ಅಗೆಯಬೇಕಾದೀತು. ಅಂಕಿಯ ಜೊತೆಗೆ ಎರಡು ಕದಲದ ವಸ್ತುಗಳಿಂದ, ಒಂದು ತೆಂಗಿನ ಮರ ಮತ್ತು ಒಂದು ವಿದ್ಯುತ್ ಕಂಬ ಎನ್ನೋಣ, ಟೇಪು ಹಿಡಿದು ಅಳೆದ ದೂರವನ್ನೂ ಬರೆದರೆ ಗುದ್ದಲಿ ನೇರವಾಗಿ ಜಾಗಕ್ಕೇ ಬೀಳುತ್ತದೆ.

ಗಡಿಯ ವಿಷಯ

ಈಗ ಬಾಂದುಕಲ್ಲಿನ ವಿಷಯಕ್ಕೆ ಬರೋಣ. ನಮ್ಮ ಭೂಮಾಪಕರ ಹಳೆಯ ಸರಪಳಿ 33 ಅಡಿಯದು. ಅದರಲ್ಲಿ 16 ಆಣೆ; ಒಂದು ಆಣೆಗೆ ಎರಡು ಅಡಿಗಿಂತ ಸ್ವಲ್ಪ ಹೆಚ್ಚು. ಸರಪಳಿ ಉದ್ದ, ಸರಪಳಿ ಅಗಲದ ಚೌಕವೇ ಒಂದು ಗುಂಟೆ. ಸರಪಳಿ ಹಿಡಿದವನು ಆಣೆಯ ಲೆಕ್ಕದಲ್ಲಿ ಟಿಪ್ಪಣಿ ಬರೆದ. ನಮ್ಮ ಉಪಕರಣದ 3 ಮೀಟರ್ ವ್ಯತ್ಯಾಸ ಸುಮಾರು ಐದು ಆಣೆಗೆ ಸಮ. ಎಂದ ಮೇಲೆ ಆ ಟಿಪ್ಪಣಿಯನ್ನು ತಿದ್ದುವ ಯೋಗ್ಯತೆ ಕಾರಿನ ಉಪಕರಣಕ್ಕೆ ಇಲ್ಲ.

ವಿಸ್ತೀರ್ಣಕ್ಕೆ ತೊಂದರೆ ಮಾಡದ ವ್ಯತ್ಯಾಸವೇ ಗಡಿಗೆ ದೊಡ್ಡ ತೊಂದರೆ. ಇಡೀ ಹೊಲ ಪಕ್ಕಕ್ಕೆ ಸರಿದಂತೆ ತೋರಿದರೆ ಒಂದು ಕಡೆ ನೆರೆಯವನ ನೆಲ ನಿಮ್ಮದಾಗಿ, ಇನ್ನೊಂದು ಕಡೆ ನಿಮ್ಮ ನೆಲ ಇನ್ನೊಬ್ಬನದಾಗಿ ಕಾಣುತ್ತದೆ. ಎಕರೆಯ ಒಂದು ಪಕ್ಕದಲ್ಲಿ 2 ಮೀಟರ್ ಪಟ್ಟಿ ಎಂದರೆ ಸುಮಾರು 1,370 ಚದರ ಅಡಿ. ಹೆಗ್ಗನಹಳ್ಳಿಯಲ್ಲಿ ಅದು 30×40ರ ನಿವೇಶನಕ್ಕಿಂತ ದೊಡ್ಡದು. ಊರಿನ ಹೊಲವೂ ಬೆಂಗಳೂರು ಬೆಳೆದಂತೆ ಅದೇ ಬೆಲೆಯ ಹಾದಿ ಹಿಡಿದಿರುವಾಗ ಅಣ್ಣ-ತಮ್ಮಂದಿರ ಪಾಲಿಗೆ ಈ ಉಪಕರಣವನ್ನು ಸಾಕ್ಷಿಯಾಗಿ ಕರೆಯುವುದು ಅಪಾಯಕರ.

ಮೊಬೈಲಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಜಮೀನು ಕೊಳ್ಳುವ ಮುಂಚೆ, ತೋರಿಸಿದ ನೆಲವೂ ಪತ್ರದಲ್ಲಿರುವ ನಂಬರೂ ಒಂದೇ ಎಂದು ನೋಡಿಕೊಳ್ಳಲು ಇದು ಬಹಳ ಅನುಕೂಲ. ಆದರೆ ಹಳೆಯ ಗ್ರಾಮನಕ್ಷೆಯನ್ನು ಹೊಂದಿಸಿ ಮಾಡಿದ ಚಿತ್ರದ ವ್ಯತ್ಯಾಸಕ್ಕೆ ಮೊಬೈಲಿನ ವ್ಯತ್ಯಾಸವೂ ಸೇರುವುದರಿಂದ, ಬದುವಿನ ಹತ್ತಿರ ನಿಂತಾಗ ಅದು ಹೇಳುವ ನಂಬರನ್ನು ಒಪ್ಪಲಾಗದು.

ಗಡಿ ಗೊತ್ತಾಗಬೇಕಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ತಿಳುವಳಿಕೆ ಪತ್ರ ಹೋಗಿ, ಅವರ ಸಮಕ್ಷಮ ಭೂಮಾಪಕರು ಅಳೆಯಬೇಕು. ಭೂಮಾಪಕರ ಬಳಿ ಈಗ ಬರುತ್ತಿರುವ ರೋವರ್ ಕೂಡ ಉಪಗ್ರಹವನ್ನೇ ಕೇಳುವ ಯಂತ್ರ. ಆದರೆ ಅದು ಸ್ಥಿರವಾದ ನೆಲಕೇಂದ್ರಗಳಿಂದ ತಿದ್ದುಪಡಿಯನ್ನು ಕ್ಷಣಕ್ಷಣಕ್ಕೂ ಪಡೆಯುವುದರಿಂದ ವ್ಯತ್ಯಾಸ ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಎರಡೂ ಜಿಪಿಎಸ್ ಎಂಬ ಒಂದೇ ಹೆಸರಿನಿಂದ ಕರೆಸಿಕೊಳ್ಳುತ್ತವೆ, ಅಷ್ಟೆ. ಇರುವ ಬಾಂದುಕಲ್ಲನ್ನು ನೀವಾಗಿಯೇ ಕೀಳುವುದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ದಂಡನೀಯ ಎಂಬುದನ್ನೂ ಮರೆಯಬಾರದು.

ತೋಟದ ಮನೆಗೆ ದಾರಿ

ನನ್ನ ಅಭಿಪ್ರಾಯದಲ್ಲಿ ಈ ಉಪಕರಣದ ಅತ್ಯುತ್ತಮ ಉಪಯೋಗ ಇದೇ. ರಾತ್ರಿ ಹೊತ್ತು ತೋಟದ ಮನೆಯಲ್ಲಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ಬರುವ ವಾಹನಕ್ಕೆ "ಆಲದ ಮರದ ಹತ್ತಿರ ಎಡಕ್ಕೆ" ಎಂದು ಹೇಳಿ ಪ್ರಯೋಜನವಿಲ್ಲ. ಮೂರು ಮೀಟರ್ ವ್ಯತ್ಯಾಸ ಇಲ್ಲಿ ಲೆಕ್ಕಕ್ಕೇ ಬಾರದು.

ಒಂದು ಎಚ್ಚರಿಕೆ ಮಾತ್ರ ಬೇಕು. ಮನೆಯ ಅಂಗಳದ ಅಂಕಿಯನ್ನಷ್ಟೇ ಕೊಟ್ಟರೆ, ಕಾರಿನ ಉಪಕರಣವು ಆ ಬಿಂದುವಿಗೆ ಹತ್ತಿರವಿರುವ ರಸ್ತೆಗೆ ವಾಹನವನ್ನು ಕರೆದೊಯ್ಯುತ್ತದೆ. ಆ ರಸ್ತೆ ಕೆರೆಯ ಆಚೆ ದಡದಲ್ಲಿರಬಹುದು, ಹಳ್ಳದ ಇನ್ನೊಂದು ಮಗ್ಗುಲಲ್ಲಿರಬಹುದು. ಗಾಡಿದಾರಿಗಳು ಅದರ ನಕ್ಷೆಯಲ್ಲಿ ಇರುವುದಿಲ್ಲ. ಆದುದರಿಂದ ಡಾಂಬರು ರಸ್ತೆಯಿಂದ ನಿಮ್ಮ ಗಾಡಿದಾರಿ ತಿರುಗುವ ಜಾಗದಲ್ಲಿ ನಿಂತು ಅದರ ಅಂಕಿಯನ್ನು ಮೊದಲು ತೆಗೆದುಕೊಳ್ಳಿ, ಮನೆಯದು ಎರಡನೆಯದು. ಎರಡನ್ನೂ ಡಿಗ್ರಿಯ ದಶಾಂಶದಲ್ಲಿ, ದೊಡ್ಡ ಅಕ್ಷರದಲ್ಲಿ, ಮನೆಯ ಬಾಗಿಲ ಒಳಮಗ್ಗುಲಿಗೆ ಬಣ್ಣದಲ್ಲಿ ಬರೆಸಿಡಿ. ಕೆಳಗೆ ಊರು, ಹೋಬಳಿ, ತಾಲ್ಲೂಕಿನ ಹೆಸರೂ ಇರಲಿ. 2008ರಿಂದ ನಮ್ಮ ರಾಜ್ಯದಲ್ಲಿರುವ 108 ಸೇವೆಗೆ ಕರೆ ಮಾಡಿದಾಗ ಊರು, ತಾಲ್ಲೂಕನ್ನೇ ಮೊದಲು ಹೇಳಿ. ಆಮೇಲೆ ತಿರುವಿನ ಅಂಕಿಗಳನ್ನು ಒಂದೊಂದಾಗಿ ನಿಧಾನವಾಗಿ ಓದಿ, ಕೇಳಿದವರಿಂದ ತಿರುಗಿ ಹೇಳಿಸಿಕೊಳ್ಳಿ. ಟಾರ್ಚು ಹಿಡಿದ ಒಬ್ಬರನ್ನು ಆ ತಿರುವಿಗೆ ಕಳುಹಿಸಿ ನಿಲ್ಲಿಸಿ.